ಕುಶಲ ಕೇಳುವ ಕಂಠ

ದರ್ಜಿಯ ಕಂಠವನ್ನು ಬಣ್ಣಿಸಹೊರಟರೆ ಆಯುಸ್ಸು ಸಾಲದು. ಅಂಗಡಿಯಲ್ಲಿ ಅವನು "ತೋಳು ಸ್ವಲ್ಪ ಎತ್ತಿ" ಎಂದರೆ ಎದುರು ಬೀದಿಯವರೂ ತೋಳೆತ್ತುತ್ತಿದ್ದರು. ಕಚ್ಚಲು ಬಂದ ನಾಯಿ ಆ ದನಿ ಕೇಳಿ ಕ್ಷಮೆ ಬೇಡಿ ಹೋಗುತ್ತಿತ್ತು. ಅವನ ಹೆಂಡತಿಯೊಬ್ಬಳ ಮೇಲೆ ಮಾತ್ರ ಅದು ನಡೆಯುತ್ತಿರಲಿಲ್ಲ.

ಆ ಬೆಳಿಗ್ಗೆ ಅವನು ಸೇವಾ ಸಂಘದ ಸ್ನೇಹಕೂಟಕ್ಕಾಗಿ ವೇದಿಕೆಯ ಪರದೆ ಹೊಲಿಯುತ್ತಿದ್ದ. ಇಡೀ ಊರು ಅದನ್ನು ಹೊದ್ದು ಮಲಗಿದರೂ ಇನ್ನೂ ಒಂದು ಮೂಲೆ ಉಳಿಯುವಂಥ ಪರದೆ. ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಬಾಗಿಲಲ್ಲೇ ನಿಂತು ಅವಸರಿಸಿದರು.

"ಮಾಸ್ಟರೇ, ಮಧ್ಯಾಹ್ನ ಕಂಡಕ್ಟರಮ್ಮನ ಮನೆಗೆ ಹೋಗಿ ಬನ್ನಿ. ಕುರ್ಚಿ ಸಮೇತ ಹೊತ್ತು ತಂದಾದ್ರೂ ಸರಿ, ಕೂಟದಲ್ಲಿ ಅವರು ನಮ್ಮ ಫೋನ್ ಸೇವೆ ಬಗ್ಗೆ ಎರಡು ಮಾತಾಡ್ಲಿ."

"ಫೋನ್ ನಾವೆಲ್ಲಿ ಮಾಡ್ತಿದ್ದೀವಿ ಡಾಕ್ಟ್ರೇ?"

"ಮತ್ತೆ ಶುರು ಮಾಡಿದ್ರಾ! ದನಿ ನಿಮ್ದೇ ತಾನೇ?"

ದನಿ ಅವನದೇ. ಮನೆಯಿಂದ ಹೊರಬರಲಾಗದವರಿಗೆ ಸಂಘದವರು ದಿನವೂ ಫೋನ್ ಮಾಡಿ ಕುಶಲ ಕೇಳುತ್ತಿದ್ದರು. ಕೂಟದ ಸಿದ್ಧತೆ ಎಲ್ಲರನ್ನೂ ನುಂಗಿದಾಗ ಡಾಕ್ಟರು ಒಂದು ಯಂತ್ರ ತಂದರು. ದರ್ಜಿಯ ದನಿಯನ್ನು ಅದರಲ್ಲಿ ತುಂಬಿಸಿದರು. ಅದು ತಾನೇ ಫೋನ್ ಹಚ್ಚುತ್ತಿತ್ತು, ಕೇಳುತ್ತಿತ್ತು, ಉತ್ತರಕ್ಕೆ ಕಾಯುತ್ತಿತ್ತು, ನಗುತ್ತಿತ್ತು. ಇದು ಸರಿಯೇ ಎಂದು ದರ್ಜಿ ಅಂದೇ ಕೇಳಿದ್ದ.

"ಮನೆಗಳು ಜಾಸ್ತಿ, ನಾವು ಕಮ್ಮಿ," ಎಂದಿದ್ದರು ಡಾಕ್ಟರು. "ಯಾರೂ ಮಾತಾಡಿಸದೇ ಇರೋದಕ್ಕಿಂತ ಇದು ವಾಸಿ ಅಲ್ವಾ? ಎದೆ ಮುಟ್ಟಿ ಹೇಳಿ."

ಮಾತಿನಲ್ಲಿ ನಿಜವಿತ್ತು. ಜೊತೆಗೆ, ಊರಿಗೆಲ್ಲ ತನ್ನ ಕಂಠ ಕೇಳುವುದೆಂದು ದರ್ಜಿಯೂ ಒಳಗೊಳಗೇ ಉಬ್ಬಿದ್ದ.

ಕಂಡಕ್ಟರಮ್ಮ ಹಿಂದೆ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದವರು. "ಒಳಗೆ ಹೋಗಿ" ಎಂದು ಗದರಿದರೆ ಬಸ್ಸೇ ಒಂದು ಮೊಳ ಉದ್ದವಾಗುತ್ತಿತ್ತಂತೆ. ಈಗ ಮಂಡಿ ಕೈಕೊಟ್ಟು, ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಬೆರಳೂ ಬಾಗುತ್ತಿರಲಿಲ್ಲವಾದ್ದರಿಂದ, ಕರೆಯನ್ನು ತಾನೇ ಎತ್ತಿಕೊಂಡು ಗಟ್ಟಿಯಾಗಿ ನುಡಿಯುವ ಫೋನನ್ನು ಸಂಘವೇ ಕೊಟ್ಟಿತ್ತು.

ಮಧ್ಯಾಹ್ನ ದರ್ಜಿ ಮೆಟ್ಟಿಲು ಹತ್ತಿದ. ಸುಡುಬಿಸಿಲಿದ್ದರೂ ಆ ಮೆಟ್ಟಿಲಸಾಲಿನಲ್ಲಿ ಬಾವಿಯೊಳಗಿನ ತಂಪು. ಬಾಗಿಲು ತಟ್ಟಲು ಕೈ ಎತ್ತಿದವನು ಹಾಗೆಯೇ ನಿಂತ. ಒಳಗೆ ಯಾರೋ ಮಾತಾಡುತ್ತಿದ್ದರು. ಯಾರೋ ಅಲ್ಲ, ಅವನೇ.

"ನಮಸ್ಕಾರ ಅಮ್ಮಾ! ಹೇಗಿದ್ದೀರಿ?"

ನೆಲದ ಮೇಲೆ ಏನೋ ಕೆರೆದಂತೆ ಒಂದು ಸದ್ದು. "ಬಿದ್ದಿದ್ದೀನಪ್ಪಾ... ಬೆಳಿಗ್ಗೆಯಿಂದ. ಏಳೋಕಾಗ್ತಿಲ್ಲ."

"ಹೌದಾ! ಕೇಳಿ ಬಹಳ ಸಂತೋಷ ಆಯ್ತು," ಎಂದಿತು ಅವನ ಕಂಠ, ಜೇನಿನಲ್ಲಿ ಅದ್ದಿ ತೆಗೆದಂತೆ. ಆಮೇಲೆ ನಕ್ಕಿತು.

ದರ್ಜಿ ಎರಡೂ ಮುಷ್ಟಿಗಳಿಂದ ಬಾಗಿಲು ಗುದ್ದಿದ. "ಅಮ್ಮಾ! ನಾನಮ್ಮಾ, ಸಂಘದವನು!"

"ಊಟ ಹೊತ್ತುಹೊತ್ತಿಗೆ ಮಾಡ್ತಿದ್ದೀರಾ?" ಒಳಗಿನವನು ಕೇಳಿದ.

ಗದ್ದಲಕ್ಕೆ ಎದುರು ಮನೆಯಾಕೆ ಬಾಗಿಲು ತೆರೆದಳು. ಅವನ ಮುಖ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು. "ನೀನು ಹೊರಗಿದ್ದರೆ... ಒಳಗಿರೋದ್ಯಾರು?"

"ಅದು ಯಂತ್ರ ಕಣಕ್ಕಾ. ಅವರು ಬಿದ್ದಿದ್ದಾರೆ!"

"ಅಯ್ಯೋ! ದಿನಾ ಗಂಡಸಿನ ದನಿ ಕೇಳ್ತಿತ್ತು. ನೆಂಟರು ಬಂದು ಜೊತೆಗಿದ್ದಾರೆ ಅಂದ್ಕೊಂಡು ನಾನು ಹೋಗಿ ನೋಡೋದೇ ಬಿಟ್ಟೆ."

ಕಂಡಕ್ಟರಮ್ಮ ಹಿಂದೊಮ್ಮೆ ಕೊಟ್ಟಿದ್ದ ಬೀಗದ ಕೈ ಅವಳ ಬಳಿಯಿತ್ತು. ಒಳಗೆ, ಕುರ್ಚಿ ಮತ್ತು ಗೋಡೆಯ ನಡುವೆ ಅವರು ಮಡಚಿಕೊಂಡು ಬಿದ್ದಿದ್ದರು. ಫೋನಿನಿಂದ "ನಾಳೆ ಮಾತಾಡೋಣ" ಎಂಬ ಮಾತು ಬಂದು ಎಲ್ಲ ನಿಶ್ಶಬ್ದವಾಯಿತು.

"ಅಮ್ಮಾ, ಬಂದಿದ್ದೀನಿ," ಎಂದು ದರ್ಜಿ ಮಂಡಿಯೂರಿದ.

ಅವರು ಕಣ್ಣು ತೆರೆಯಲಿಲ್ಲ. "ಹೌದಪ್ಪಾ. ಬಹಳ ಸಂತೋಷ," ಎಂದರು.

ಊರನ್ನೇ ಮರುಳು ಮಾಡಿದ ಆ ಕಂಠ ಅವರನ್ನು ಮುಟ್ಟಲಿಲ್ಲ. ಮತ್ತೆ ಕರೆದ, ಅವರು ಮತ್ತೆ "ಸಂತೋಷ" ಎಂದರು. ಕೊನೆಗೆ ಮಾತು ಬಿಟ್ಟು ಅವರ ಕೈ ಹಿಡಿದುಕೊಂಡ. ಬೆರಳುಗಳು ಸೂಜಿಯಂತೆ ತಣ್ಣಗಿದ್ದವು. ಆಗ ಅವರು ಕಣ್ಣು ಬಿಟ್ಟು ಅವನನ್ನು ನೋಡಿದರು.

"ಅಯ್ಯೋ," ಎಂದರು, "ನಿನಗೆ ಮೈಯೂ ಇದೆಯಾ?"

ಸೊಂಟದ ಮೂಳೆ ಮುರಿದಿತ್ತು, ಜೀವ ಉಳಿಯಿತು. ಆಸ್ಪತ್ರೆಯ ಪಡಸಾಲೆಯಲ್ಲಿ ಡಾಕ್ಟರು ವಾದಿಸಿದರು. "ಬೀಳ್ತಾರೆ ಅಂತ ಯಾರು ಕನಸು ಕಂಡಿದ್ರು? ಯಂತ್ರ ಇಲ್ದಿದ್ರೂ ಬೀಳ್ತಿದ್ರು."

"ಬೀಳ್ತಿದ್ರು. ಆದ್ರೆ ಎದುರು ಮನೆಯವರು ಬಂದು ನೋಡ್ತಿದ್ರು."

"ಎಲ್ಲರಿಗೂ ಕೂತು ಫೋನ್ ಮಾಡೋಕೆ ನಮ್ಮಲ್ಲಿ ಯಾರಿಗೆ ಪುರುಸೊತ್ತಿದೆ ಮಾಸ್ಟರೇ?"

ಮರುದಿನ ರೋಗಿಯ ಬಟ್ಟೆಬರೆ ತರಲು ಇಬ್ಬರೂ ಆ ಮನೆಗೆ ಹೋದರು. ದರ್ಜಿ ಒಳಕೋಣೆಯಲ್ಲಿ ಸೀರೆ ಮಡಚುತ್ತಿದ್ದಾಗ ಹೊರಗೆ ಫೋನ್ ಬಡಿದುಕೊಂಡು ತಾನೇ ಎತ್ತಿಕೊಂಡಿತು.

"ನಮಸ್ಕಾರ ಅಮ್ಮಾ! ಹೇಗಿದ್ದೀರಿ?"

ಖಾಲಿ ಮನೆ ಕಿವಿಗೊಟ್ಟಿತು. ಡಾಕ್ಟರು ಗಂಟಲು ಸರಿಪಡಿಸಿಕೊಂಡರು. "ಅವರು... ಅವರು ಇಲ್ಲಿಲ್ಲ."

"ಹೌದಾ! ಕೇಳಿ ಬಹಳ ಸಂತೋಷ ಆಯ್ತು."

"ಆಸ್ಪತ್ರೆಲಿದ್ದಾರೆ ಕಣ್ರೀ!" ಡಾಕ್ಟರು ಕಿರುಚಿದರು. ಸಾವಿರ ಜನರ ಹಲ್ಲು ಕೀಳುವಾಗಲೂ ನಡುಗದ ಆಸಾಮಿ.

ಕಂಠ ಸಾವಧಾನವಾಗಿ ಕಾದು, ನಕ್ಕಿತು. ದರ್ಜಿ ಹೊರಬಂದು ನೋಡಿದರೆ ಡಾಕ್ಟರು ಗೋಡೆಗೆ ಬೆನ್ನು ಒತ್ತಿ ನಿಂತಿದ್ದರು, ಬೆವರಿನಲ್ಲಿ ತೊಯ್ದು.

"ಈಗ ಇದು ಎಲ್ಲರ ಮನೇಲೂ ಹೀಗೇ ನಗ್ತಿದೆಯಾ?" ಎಂದರು.

"ಹೂಂ. ನಂದೇ ನಗು."

ಡಾಕ್ಟರು ಸಂಘದ ಕೋಣೆಗೆ ಫೋನ್ ಮಾಡಿ ಯಂತ್ರ ಕಿತ್ತುಹಾಕಲು ಹೇಳಿದರು. ಕೂಟದ ಏರ್ಪಾಡು ಏನಾಗಬೇಕೆಂದು ಆ ಕಡೆಯವರು ಕೇಳಿರಬೇಕು. "ಇರ್ಲಿ ಬಿಡ್ರೀ. ಎಲ್ಲರೂ ಕೈಲಿರೋ ಕೆಲಸ ಬಿಟ್ಟು ಒಂದೊಂದು ಮನೆಗೆ ಹೊರಡಿ," ಎಂದರು. ಆಮೇಲೆ ದರ್ಜಿಯತ್ತ ತಿರುಗಿದರು. "ಈ ಬೀದಿಲಿ ಯಂತ್ರ ಫೋನ್ ಮಾಡ್ತಿದ್ದ ಇನ್ನೊಂದು ಮನೆ ಇದೆಯಲ್ಲ, ಯಾವುದು?"

ಮೂಲೆಯ ಮನೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಇಬ್ಬರೂ ಬಾಗಿಲು ತಟ್ಟಿದರು. ತುಂಬ ಹೊತ್ತಿನ ಮೇಲೆ ಒಳಗಿನಿಂದ ಒಂದು ಮುದಿ ದನಿ, ಸಂಶಯದಿಂದ: "ಯಾರು? ಫೋನಿನವರಾ?"

ಡಾಕ್ಟರು ದರ್ಜಿಯ ಮುಖ ನೋಡಿದರು. ದರ್ಜಿ ಬಾಯಿ ತೆರೆಯಲಿಲ್ಲ.

"ಅಲ್ಲ," ಎಂದರು ಡಾಕ್ಟರು. "ಬಂದಿರೋರು."

ಒಳಗೆ ಚಪ್ಪಲಿ ಎಳೆಯುತ್ತ ಯಾರೋ ನಿಧಾನವಾಗಿ ಬಾಗಿಲ ಕಡೆ ಹೊರಟ ಸದ್ದು ಕೇಳಿಸಿತು. ಇಬ್ಬರೂ ನಿಂತು ಕಾದರು.