ಸಾಲೆಹ್‌ನ ಕಣ್ಣಿಗೆ ಕೂಡಿಸಿದ ಸ್ಕೋಪ್

ಬೇಟೆ ಸಾಮಾನಿನ ಅಂಗಡಿಗೆ ಬರುವ ಗಂಡಸರಿಗೆಲ್ಲ ಒಂದೇ ರೋಗ. ಎಲ್ಲರಿಗೂ ದೊಡ್ಡ ನಂಬರೇ ಬೇಕು. ರೈಫಲ್ಲಿನ ಮೇಲೆ ಕೂರಿಸುವ ಸ್ಕೋಪ್ ಕೇಳುತ್ತಾರೆ. ಒಂದೂವರೆಯಿಂದ ಆರು ಪಟ್ಟಿನವರೆಗೆ ಹಿಗ್ಗಿಸಿ ತೋರಿಸುವುದನ್ನು ಮುಂದಿಟ್ಟರೆ ಮುಖ ಹುಳ್ಳಗೆ ಮಾಡಿಕೊಂಡು, ಇಪ್ಪತ್ತೈದು ಪಟ್ಟಿನದು ಇಲ್ಲವೇ ಅನ್ನುತ್ತಾರೆ. ಅಲ್ಲಪ್ಪಾ, ಆಫ್ರಿಕಾದ ಕುರುಚಲು ಕಾಡಿನಲ್ಲಿ ಕಾಡೆಮ್ಮೆ ಇಲ್ಲೇ ಪೊದೆಯ ಹಿಂದೆ ನಿಂತಿರುತ್ತದೆ. ಇಪ್ಪತ್ತೈದು ಪಟ್ಟು ಹಿಗ್ಗಿಸಿದರೆ ನಿನಗೆ ಕಾಣುವುದು ಅದರ ತೊಡೆಗೆ ಕಚ್ಚಿಕೊಂಡ ಉಣ್ಣಿಹುಳ ಮಾತ್ರ. ಇದನ್ನೇ ಸ್ವಲ್ಪ ಮರ್ಯಾದೆಯ ಮಾತಿನಲ್ಲಿ ಹೇಳಿ ಮಾರುವುದು ನನ್ನ ಕೆಲಸ.

ನಾನು ಶಿವರಂಜನಿ, ಬಾಗಲಕೋಟೆ ಕಡೆಯವಳು. ಗಂಡ ಶಿವಪುತ್ರ ಇಲ್ಲಿ, ಅರಬ್ಬರ ನಾಡಿನ ಗ್ಯಾಸ್ ಕಂಪನಿಯಲ್ಲಿದ್ದಾನೆ. ನಾನು ಅಲ್ ಅಜೀಜಿಯಾ ಬಡಾವಣೆಯ ಈ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತೇನೆ. ಹುಟ್ಟಿದಾರಭ್ಯ ಒಂದು ಗುಬ್ಬಿಗೂ ಕಲ್ಲು ಹೊಡೆದವಳಲ್ಲ. ಆದರೂ ಸ್ಕೋಪಿನ ವಿಷಯದಲ್ಲಿ ನನ್ನನ್ನು ಯಾಮಾರಿಸಲು ಬರುವುದಿಲ್ಲ, ಏಕೆಂದರೆ ನನಗೆ ಕಲಿಸಿದವರು ಗಿರಿಯಪ್ಪಣ್ಣ. ಬೆಳ್ತಂಗಡಿ ಕಡೆಯ ತುಳುವರು, ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಕೋಪ್ ಬಿಗಿಯುವುದು, ಬಿಚ್ಚುವುದು ಅವರ ಕೆಲಸ. ನನಗೆ ತುಳು ಬಾರದು, ಅವರಿಗೆ ನನ್ನ ಕನ್ನಡ ಕೇಳಿದರೆ ನಗು. ಆದರೂ ದಿನವಿಡೀ ಮಾತಾಡುತ್ತೇವೆ.

ಅವರು ಕಲಿಸಿದ ಮೊದಲ ಪಾಠ ಬಳೆಯದು. ಸ್ಕೋಪಿನ ಹಿಂಬದಿ, ಕಣ್ಣಿಡುವ ಕಡೆ, ಒಂದು ಬಳೆ ತಿರುಗುತ್ತದೆ. ಒಳಗೆ ಅಡ್ಡ ಉದ್ದ ಎರಡು ಗೆರೆಗಳಿರುತ್ತವೆ, ಗುರಿ ಹಿಡಿಯುವುದು ಅವು ಕೂಡುವ ಜಾಗದಿಂದ. ಬಳೆ ತಿರುಗಿಸಿದಂತೆ ಆ ಗೆರೆಗಳು ಮಸುಕಾಗುತ್ತವೆ ಇಲ್ಲವೇ ಚೂಪಾಗುತ್ತವೆ. ಒಬ್ಬರ ಕಣ್ಣಿಗೆ ಕೂಡಿಸಿದ್ದು ಇನ್ನೊಬ್ಬರ ಕಣ್ಣಿಗೆ ಕೂಡುವುದಿಲ್ಲ. ಅದಕ್ಕೇ ಯಾವ ಸ್ಕೋಪ್ ಕೈಗೆ ಬಂದರೂ ಮೊದಲು ಕಣ್ಣಿಗಿಟ್ಟು, ಹೆಬ್ಬೆರಳಿನಿಂದ ಬಳೆ ತಿರುಗಿಸಿಕೊಂಡು, ಆಮೇಲೆ ಗಾಜಿನ ಗುಣ ನೋಡಬೇಕು. ಗಿರಿಯಪ್ಪಣ್ಣನ ಹೆಬ್ಬೆರಳು ಅವರನ್ನು ಕೇಳದೆಯೇ ಅದನ್ನು ಮಾಡುತ್ತದೆ.

ಆ ದಿನ ಅಂಗಡಿ ತೆಗೆಯುವ ಹೊತ್ತಿಗೇ ಬೂ ಸಾಲೆಹ್ ಬಂದರು. ಬೂ ಸಾಲೆಹ್ ಅಂದರೆ ಸಾಲೆಹ್‌ನ ಅಪ್ಪ. ಇಲ್ಲಿಯವರನ್ನು ಹಿರಿಮಗನ ಹೆಸರು ಹಿಡಿದೇ ಕರೆಯುವುದು. ಆ ಸಾಲೆಹ್ ಹೋದ ಚಳಿಗಾಲದಲ್ಲಿ ಸಲ್ವಾ ರಸ್ತೆಯಲ್ಲಿ ಗಾಡಿ ಪಲ್ಟಿಯಾಗಿ ತೀರಿಕೊಂಡ. ಮಗ ಹೋದ ಮೇಲೂ ಮುದುಕರನ್ನು ಊರೆಲ್ಲ ಹಾಗೇ ಕರೆಯುತ್ತದೆ. ಎದುರಿಗೆ ಸಿಕ್ಕವರು ಬಾಯಿ ತೆರೆದಾಗಲೆಲ್ಲ ಸತ್ತ ಮಗನ ಹೆಸರು ಕಿವಿಗೆ ಬೀಳುತ್ತದಲ್ಲ, ಹೇಗೆ ತಡೆದುಕೊಳ್ಳುತ್ತಾರೋ ದೇವರೇ ಬಲ್ಲ.

ಉದ್ದನೆಯ ಪೆಟ್ಟಿಗೆ ಕೌಂಟರಿನ ಮೇಲಿಟ್ಟು ತೆರೆದರು. ಒಳಗೆ ಸಾಲೆಹ್‌ನ ರೈಫಲ್, ಅದರ ಮೇಲೆ ಅವನದೇ ಸ್ಕೋಪ್. ಅವರು ಅರಬ್ಬಿ, ಹಿಂದಿ ಎರಡನ್ನೂ ಕಲಸಿ ಮಾತಾಡುತ್ತಾರೆ, ನನಗೆ ಅರ್ಥವಾಗುತ್ತದೆ.

"ಕಿರಿಯವನು ಜಾಸಿಮ್, ಚಿಕ್ಕಪ್ಪಂದಿರ ಜೊತೆ ನಮೀಬಿಯಾಕ್ಕೆ ಬೇಟೆಗೆ ಹೋಗುತ್ತಾನಂತೆ. ಅಣ್ಣನ ರೈಫಲ್ಲೇ ಬೇಕಂತೆ. ಕೊಡುತ್ತೇನೆ ಅಂದೆ. ಆದರೆ ಸ್ಕೋಪ್ ಕೊಡುವುದಿಲ್ಲ. ಅವನಿಗೆ ಹೊಸದೊಂದು ಕೊಡು ಮಗಳೇ. ಬಹಳ ದುಬಾರಿಯದು ಬೇಡ, ಅಗ್ಗದ್ದೂ ಬೇಡ. ಸಾಲೆಹ್ ನಡುವಿನ ಬೆಲೆಯದನ್ನೇ ತಗೊಂಡಿದ್ದ. ತಮ್ಮನಿಗೂ ಅಂಥದ್ದೇ ಇರಲಿ."

ಮೂರು ಸ್ಕೋಪ್ ತೆಗೆದಿಟ್ಟೆ. ದೊಡ್ಡ ಬೇಟೆಯ ರೈಫಲ್ ಹಿಂದಕ್ಕೆ ಒದೆಯುವ ರಭಸಕ್ಕೆ ಅಗ್ಗದ ಸ್ಕೋಪಿನ ಒಳಗಿನದೆಲ್ಲ ಸಡಿಲವಾಗಿಬಿಡುತ್ತದೆ. ತೀರಾ ದುಬಾರಿಯದರಲ್ಲಿ ಅರ್ಧ ದುಡ್ಡು ಹೆಸರಿಗೇ ಹೋಗುತ್ತದೆ. ನಡುವಿನದರಲ್ಲಿ ನೋಡಬೇಕಾದ್ದು, ಕಣ್ಣು ನಾಲ್ಕು ಬೆರಳು ಹಿಂದಿದ್ದರೂ ಪೂರ್ತಿ ಕಾಣುತ್ತದೆಯೇ ಎಂಬುದು. ಇಲ್ಲದಿದ್ದರೆ ಗುಂಡು ಹಾರಿದಾಗ ಸ್ಕೋಪಿನ ಅಂಚು ಬಂದು ಹುಬ್ಬು ಸೀಳುತ್ತದೆ.

"ಸಾಲೆಹ್‌ಗೆ ಸೀಳಿತ್ತು. ಇಲ್ಲಿ." ಬಲಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದರು. "ರಕ್ತ ಸುರಿಸಿಕೊಂಡು ನಗುತ್ತಿದ್ದ, ಹುಚ್ಚು ಹುಡುಗ."

ಮೂರನ್ನೂ ಒಂದೊಂದಾಗಿ ಕಣ್ಣಿಗಿಟ್ಟು ಬಾಗಿಲಾಚೆ ನೋಡಿದರು. ಒಂದನ್ನು ಭಾರವೆಂದರು. ಇನ್ನೊಂದರಲ್ಲಿ ಅಂಚೆಲ್ಲ ಕಲಸಿದಂತೆ ಕಾಣುತ್ತದೆಂದರು. ಒಂದೂವರೆಯಿಂದ ಆರು ಪಟ್ಟಿನದು ಹಿಡಿಸಿತು. ಇಂಥ ತಿಳಿದ ಗಿರಾಕಿ ಸಿಕ್ಕರೆ ನನಗೆ ಖುಷಿ. ಆದರೆ ಆ ದಿನ ಖುಷಿಪಡುವ ಹಾಗಿರಲಿಲ್ಲ, ಏಕೆಂದರೆ ಅವರ ಎಡಗೈ ಅಷ್ಟು ಹೊತ್ತೂ ಮಗನ ಸ್ಕೋಪಿನ ಮೇಲೇ ಇತ್ತು.

"ಇದನ್ನು ಬಿಚ್ಚಿ ನನಗೆ ಕೊಡಿ," ಎಂದರು. "ಆದರೆ ಈ ಬಳೆ ತಿರುಗಬಾರದು. ಸಾಲೆಹ್‌ಗೆ ದೂರದ್ದು ಕಾಣುತ್ತಿರಲಿಲ್ಲ. ಇಷ್ಟು ದಪ್ಪ ಕನ್ನಡಕ. ಬೇಟೆಯಲ್ಲಿ ಅದನ್ನು ತೆಗೆದಿಟ್ಟು, ಬಳೆಯನ್ನು ತನ್ನ ಕಣ್ಣಿಗೆ ಕೂಡಿಸಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ಸಂಜೆ ಹೊತ್ತು ಛಾವಣಿ ಮೇಲೆ ಕೂತು ಇದರಲ್ಲಿ ನೋಡುತ್ತೇನೆ. ನನ್ನ ಕಣ್ಣಿಗೆ ಗೆರೆಗಳೆಲ್ಲ ಮಸುಕು. ಮಸುಕೇ ಇರಲಿ. ಅದು ಅವನ ಕಣ್ಣು."

ಅವನ ಬಟ್ಟೆ ದಾನ ಕೊಟ್ಟಿರುತ್ತಾರೆ, ಫೋನ್ ಬಂದ್ ಆಗಿರುತ್ತದೆ. ಅವನು ಕೈಯಾರೆ ತಿರುಗಿಸಿ ಬಿಟ್ಟ ಹಾಗೆಯೇ ಉಳಿದದ್ದು ಜಗತ್ತಿನಲ್ಲಿ ಆ ಬಳೆ ಒಂದೇ.

ಪೆಟ್ಟಿಗೆ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದೆ. ಮುದುಕರೂ ಜೊತೆಗೆ ಬಂದರು.

"ಗಿರಿಯಪ್ಪಣ್ಣ, ನಿಮಗ ಹೇಳೂದಲ್ರೀ, ಆದ್ರೂ ಹೇಳಾಕತ್ತೀನಿ. ಇದನ್ನ ಹ್ಯಾಂಗ ಐತೋ ಹಂಗ ಬಿಚ್ಚಿ ಕೊಡ್ರಿ. ಬಳಿ ತಿರಗಬಾರ್ದು. ತೀರಿಕೊಂಡ ಮಗನ ಕಣ್ಣಿಗೆ ಕೂಡಿಸಿದ್ದಂತ."

"ಗೊತ್ತಾಯ್ತು ಮಾರಾಯ್ತಿ. ಮುಟ್ಟುದಿಲ್ಲ."

ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿದರು. ರೈಫಲ್ಲಿಗೆ ಬಿಗಿದಿದ್ದ ಹಿಡಿಪಟ್ಟಿ ತೆಗೆದು, ಸ್ಕೋಪನ್ನು ನಡುವಿನಲ್ಲಿ ಹಿಡಿದು ಎಚ್ಚರಿಕೆಯಿಂದ ಎತ್ತಿದರು. ಹತ್ತಿಯ ಬಟ್ಟೆಯಿಂದ ಧೂಳು ಒರೆಸಿದರು. ಪಟ್ಟಿ ಹಿಡಿದಿದ್ದ ಜಾಗದಲ್ಲಿ ಗೀರು ಬಿದ್ದಿದೆಯೇ ಎಂದು ನೋಡಿದರು. ಗಾಜಿಗೆ ಏನಾದರೂ ಆಗಿದೆಯೇ ನೋಡಲು ಕಣ್ಣಿಗೆತ್ತಿಕೊಂಡರು.

ನಾನು ಬಾಯಿ ತೆರೆಯುವುದರೊಳಗೆ ಹೆಬ್ಬೆರಳು ಬಳೆ ತಿರುಗಿಸಿಬಿಟ್ಟಿತ್ತು.

ಗಿರಿಯಪ್ಪಣ್ಣ ಸ್ಕೋಪ್ ಕೆಳಗಿಳಿಸಿ ತಮ್ಮ ಕೈಯನ್ನೇ ನೋಡಿಕೊಂಡರು. "ಎಂತ ಮಾಡಿದೆ ನಾನು," ಎಂದರು. "ಹೇಳಿದ್ದೆಯಲ್ಲ ನೀನು. ಕೇಳಿದ್ದೆನಲ್ಲ."

ಬೂ ಸಾಲೆಹ್ ಕೈ ಚಾಚಿ ಸ್ಕೋಪ್ ಇಸಿದುಕೊಂಡು ಕಿಟಕಿಯ ಕಡೆ ಹಿಡಿದು ನೋಡಿದರು. ಅವರಿಗೂ ಗಿರಿಯಪ್ಪಣ್ಣನಿಗೂ ಒಂದೇ ಪ್ರಾಯ, ಕಣ್ಣೂ ಒಂದೇ ಥರ ಇದ್ದಿರಬೇಕು.

"ಚೂಪಾಗಿದೆ," ಎಂದರು. "ಎಲ್ಲ ಚೆನ್ನಾಗಿ ಕಾಣುತ್ತಿದೆ." ಅಷ್ಟು ದುಃಖದಿಂದ ಆ ಮಾತನ್ನು ಹೇಳಿದವರನ್ನು ನಾನು ಕಂಡಿಲ್ಲ.

ಅವರು ಬೈದಿದ್ದರೆ ಚೆನ್ನಾಗಿತ್ತು, ಕೂಗಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಸ್ಟೂಲಿನ ಮೇಲೆ ಕೂತರು. ನನಗೆ ಗಿರಿಯಪ್ಪಣ್ಣನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಮುಖ ನೋಡಿದೆ, ಸಿಟ್ಟು ಇಳಿದುಹೋಯಿತು. ಬಳೆ ಮೊದಲು ಎಲ್ಲಿ ನಿಂತಿತ್ತೆಂದು ತೋರಿಸಲು ಅದರ ಅಂಚಿನಲ್ಲಿ ಮರಳಿನ ಗೆರೆಯಾದರೂ ಉಳಿದಿದೆಯೇ ಎಂದು ಹುಡುಕಿದೆ. ಒರೆಸಿ ಲಕಲಕ ಮಾಡಿದ್ದರು. ಸಾಲೆಹ್‌ನ ಕನ್ನಡಕವಿದ್ದರೆ ಅದರ ನಂಬರಿನಿಂದ ಅಂದಾಜು ಮಾಡಬಹುದೆಂದೆ. ಕನ್ನಡಕ ಅವನ ಜೊತೆ ಆ ಗಾಡಿಯಲ್ಲೇ ಪುಡಿಯಾಯಿತೆಂದರು ಮುದುಕರು.

"ಆ ಮಸುಕು ನನಗೆ ನೆನಪಿದೆ," ಎಂದರು ಗಿರಿಯಪ್ಪಣ್ಣನ ಕಡೆ ತಿರುಗಿ. "ನೀನು ತಿರುಗಿಸು. ನಾನು ಹೇಳುತ್ತೇನೆ."

ಅವರು ಕಣ್ಣಿಟ್ಟರು, ಗಿರಿಯಪ್ಪಣ್ಣ ಮಗ್ಗುಲಲ್ಲಿ ಬಗ್ಗಿ ಬಳೆ ಹಿಡಿದರು. ಕಿಟಕಿಯಾಚೆ ಔಷಧಿ ಅಂಗಡಿಯ ಹಸಿರು ಬೋರ್ಡು. ಕೂದಲೆಳೆಯಷ್ಟು ತಿರುಗಿಸಿ ಇದೇ ಏನು ಎಂದು ಇವರು ಕೇಳುವುದು, ಅಲ್ಲ ಎಂದು ಅವರು ಹೇಳುವುದು. ಇನ್ನೂ ಸ್ವಲ್ಪ. ಅಲ್ಲ, ಹೆಚ್ಚಾಯಿತು. ಹಿಂದಕ್ಕೆ. ಇನ್ನೂ ಹಿಂದಕ್ಕೆ. ಹೊರಗೆ ಗಿರಾಕಿ ಬಂದು ಕೂಗಿದರೂ ನಾನು ಹೋಗಲಿಲ್ಲ. ಇಬ್ಬರು ಮುದುಕರು ಸೇರಿ ಸತ್ತ ಹುಡುಗನೊಬ್ಬನ ಕಣ್ಣನ್ನು ಹುಡುಕುತ್ತಿದ್ದರು.

"ಇದೇ," ಎಂದರು ಬೂ ಸಾಲೆಹ್ ಕೊನೆಗೆ. "ನಿಲ್ಲಿಸು. ಖಲಾಸ್. ಇದೇ ಅವನದು. ಹೀಗೇ ಮಸುಕಿತ್ತು."

ಅವರು ತಲೆ ಎತ್ತಿದಾಗ ನೋಡಿದೆ. ಕಣ್ಣು ತುಂಬಿ ನೀರು ಗಡ್ಡದವರೆಗೂ ಇಳಿದಿತ್ತು.

ಅವರು ಮುಖ ತೊಳೆಯಲು ಹೋದರು. ಗಿರಿಯಪ್ಪಣ್ಣ ಸ್ಕೋಪನ್ನು ಎರಡು ಕೈಯಲ್ಲೂ ಹಿಡಿದು, ಬೆರಳು ದೂರ ಇಟ್ಟುಕೊಂಡು, ಕಣ್ಣಿಗಿಟ್ಟರು. ಬಹಳ ಹೊತ್ತು ನೋಡಿದರು.

"ಶಿವರಂಜನಿ, ಗೆರೆ ಚೂಪಾಗಿ ಉಂಟು," ಎಂದರು ಮೆಲ್ಲಗೆ. "ಬೋರ್ಡಿನ ಅಕ್ಷರ ಸಹ ಓದ್ಲಿಕ್ಕೆ ಆಗ್ತದೆ. ತಿರುಗಿಸಿ ತಿರುಗಿಸಿ ಮತ್ತೆ ನನ್ನ ಕಣ್ಣಿಗೇ ಬಂದು ನಿಂತಿದೆ. ಅವರಿಗೆ ಮಸುಕು ಕಂಡದ್ದು ಕಣ್ಣೀರಿಂದ."

"ಹೇಳೂಣೇನ್ರಿ?"

"ಎಂತ ಅಂತ ಹೇಳುದು? ನಮ್ಮಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸ್ತೇವೆ, ಅವರಿಗೆ ಇಷ್ಟ ಇದ್ದದ್ದನ್ನೇ. ಆ ಎಲೆಗೆ ಕೈ ಹಾಕಿದವ ನಾನು. ಈಗ ಎಲೆ ಖಾಲಿ ಉಂಟು ಅಂತ ಬೇರೆ ಹೇಳ್ಬೇಕಾ?"

ಬಳೆ ಅಲುಗದಂತೆ ಸುತ್ತ ಕಪ್ಪು ಟೇಪ್ ಸುತ್ತಿದರು. ಬೂ ಸಾಲೆಹ್ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಗಿರಿಯಪ್ಪಣ್ಣನ ಭುಜ ತಟ್ಟಿ ಹೋದರು. ಆ ಸಂಜೆ ಛಾವಣಿಯ ಮೇಲೆ ಅವರ ಕಣ್ಣು ಒಣಗಿರುತ್ತದೆ, ಆಗ ಗೆರೆ ಚೂಪಾಗಿ ಕಂಡರೆ ಏನಾಗುತ್ತದೋ ಎಂದು ನನಗೆ ಅಲ್ ಹಿಲಾಲ್ ಬಡಾವಣೆಯ ನಮ್ಮ ಮನೆ ಸೇರುವವರೆಗೂ ಅದೇ ಚಿಂತೆ. ಅನ್ನ ಸೇರಲಿಲ್ಲ.

ಮುಂದಿನ ವಾರ ಜಾಸಿಮ್ ಬಂದ, ರೈಫಲ್ಲಿನ ಮೇಲೆ ಹೊಸ ಸ್ಕೋಪ್ ಕೂರಿಸಿಕೊಂಡು ಹೋಗಲು. ಒಳ್ಳೆಯ ಹುಡುಗ. ಗಿರಿಯಪ್ಪಣ್ಣ ಹಿಂದಿನ ಕೋಣೆಯ ಬಾಗಿಲಲ್ಲೇ ನಿಂತರು, ಮುಂದೆ ಬರಲು ಧೈರ್ಯವಾಗಲಿಲ್ಲ.

"ಅಪ್ಪ ನಿಮ್ಮ ಹಿರಿಯರಿಗೆ ಸಲಾಂ ಹೇಳಿದ್ದಾರೆ," ಎಂದ ಜಾಸಿಮ್. "ಬಳೆ ಸರಿಯಾಗಿಯೇ ಕೂತಿದೆ, ಚಿಂತೆ ಮಾಡಬೇಡಿ ಅಂತ ತಿಳಿಸಲು ಹೇಳಿದರು."

ಗಿರಿಯಪ್ಪಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡು ಉಸಿರು ಬಿಟ್ಟರು. ನನಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ದಿನಾ ಸಂಜೆ ನೋಡುತ್ತಾರಾ ಎಂದು ಕೇಳಿದೆ. ಕೇಳಬಾರದಿತ್ತು.

"ಛಾವಣಿಗೆ ಹೋಗುತ್ತಾರೆ," ಎಂದ ಹುಡುಗ. "ಇಲ್ಲಿಂದ ತಂದ ಸಂಜೆ ಒಮ್ಮೆ ನೋಡಿದರು, ಆಮೇಲೆ ಅದನ್ನು ಕಣ್ಣಿಗಿಟ್ಟಿಲ್ಲ. ಕರವಸ್ತ್ರ ಬಿಚ್ಚದೆ, ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ."