ಬೀಗರ ಅಂಗಡಿಯ ವಾಷಿಂಗ್ ಮಷಿನ್

ಬಸ್ಸಿನಲ್ಲಿ ಕಂಡಕ್ಟರಮ್ಮನ ಎದುರು ಬಾಲ ಬಿಚ್ಚಿದವರು ಕಡಿಮೆ. ಟಿಕೆಟ್ ತೆಗೆದುಕೊಳ್ಳದೆ ಕಿಟಕಿಯಾಚೆ ನೋಡುತ್ತ ಕೂತವರನ್ನು ಆಕೆ ಹಿಂದಿನ ಬಾಗಿಲಲ್ಲಿ ನಿಂತೇ ಗುರುತು ಹಿಡಿಯುತ್ತಿದ್ದಳು. "ಆ ಕಡೆ ನೋಡೋಕೇನೂ ಇಲ್ಲ ಸ್ವಾಮಿ, ಸ್ವಲ್ಪ ಈ ಕಡೆ ತಿರುಗಿ" ಅಂದರೆ ಎಂಥವನೂ ಜೇಬಿಗೆ ಕೈ ಹಾಕಬೇಕು. ಇಂಥ ಗಟ್ಟಿಗಿತ್ತಿ, ಸ್ವಂತ ದುಡ್ಡು ಕೊಟ್ಟು ತಂದ ವಾಷಿಂಗ್ ಮಷಿನ್ ಮುಟ್ಟಿದಾಗಲೆಲ್ಲ ಶಾಕ್ ಹೊಡೆಯುತ್ತಿದ್ದರೂ ಅರ್ಧ ವರ್ಷ ತುಟಿ ಹೊಲಿದುಕೊಂಡಿದ್ದಳು ಅಂದರೆ ಅವಳ ಡ್ರೈವರನೂ ನಂಬಲಿಕ್ಕಿಲ್ಲ. ಕಾರಣ ಒಂದೇ. ಮಷಿನ್ ತಂದದ್ದು ಬೀಗರ ಅಂಗಡಿಯಿಂದ.

ಮಗಳ ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅಳಿಯನಿಗೆ ಸರಕು ಸಾಗಣೆಯ ಕಚೇರಿಯಲ್ಲಿ ಕೆಲಸ. ಅವನ ಅಪ್ಪನದು ಮುಖ್ಯರಸ್ತೆಯಲ್ಲಿ ಫ್ರಿಜ್ಜು, ಫ್ಯಾನು, ಮಷಿನುಗಳ ಅಂಗಡಿ. ಮದುವೆಯಾದ ಮೇಲೆ ಮಗಳು ಅದೇ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಲೆಕ್ಕ, ಬಿಲ್ಲು ಎಲ್ಲ ನೋಡಿಕೊಳ್ಳುತ್ತಿದ್ದಳು. ಹೀಗಿರುವಾಗ ವಾಷಿಂಗ್ ಮಷಿನ್ ಕೊಳ್ಳಲು ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದು ಉಂಟೇ? ಹತ್ತಿದರೆ ನೆಂಟಸ್ತಿಕೆ ಉಳಿದೀತೇ?

ಕೊಳ್ಳುವ ದಿನ ಬೀಗರು ತಾವೇ ಮುಂದೆ ನಿಂತು ಮಷಿನ್ ಆರಿಸಿಕೊಟ್ಟರು. ಅವರು ದೊಡ್ಡ ದನಿಯ, ದೊಡ್ಡ ನಗುವಿನ ಮನುಷ್ಯ. ಮಾತಾಡುವಾಗ ಪಕ್ಕದ ಫ್ರಿಜ್ಜಿನ ಬೆನ್ನು ತಟ್ಟುತ್ತಿದ್ದರು. "ಬಿಲ್ಲಾ? ನಮ್ಮ ನಮ್ಮಲ್ಲಿ ಎಂಥ ಬಿಲ್ಲು ಬೀಗ್ತಿಯವ್ರೇ! ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನಿಲ್ವಾ?" ಅಂದರು. ದಿನವಿಡೀ ಊರಿಗೆಲ್ಲ ಟಿಕೆಟ್ ಹರಿದು ಕೊಡುವ ಹೆಂಗಸು, ಹಲ್ಲು ಕಿರಿದು, ಬರಿಗೈಯಲ್ಲಿ ಮನೆಗೆ ಬಂದಳು.

ಎರಡನೆಯ ವಾರವೇ ಮಷಿನ್ ತನ್ನ ಗುಣ ತೋರಿಸಿತು. ಮುಚ್ಚಳ ತೆರೆಯಲು ಹೋದವಳ ಬೆರಳಿನಿಂದ ಮೊಣಕೈವರೆಗೆ ಜುಮ್ಮೆಂದಿತು. ಗಂಡನನ್ನು ಕರೆದಳು. ಅವನು ಗ್ರಂಥಾಲಯದಲ್ಲಿ ಗುಮಾಸ್ತ. ಹಗಲೆಲ್ಲ ಜನರಿಗೆ 'ಶ್' ಅನ್ನುವುದೇ ಕೆಲಸವಾದ್ದರಿಂದ ಮನೆಯಲ್ಲೂ ಮೆತ್ತಗೆ ಮಾತಾಡುತ್ತಿದ್ದ. ಮಷಿನ್ ಮುಟ್ಟಿದವನು ಮಾತ್ರ ಗ್ರಂಥಾಲಯಕ್ಕೆ ಒಪ್ಪದಂಥ ಒಂದು ಶಬ್ದ ಹೊರಡಿಸಿದ.

ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ಬಂದು ಗೋಡೆಯ ಪ್ಲಗ್ಗು ಬಿಚ್ಚಿ ನೋಡಿದ. "ನಿಮ್ಮನೆ ಅರ್ಥಿಂಗು ಸರಿಯಾಗಿದೆ ಅಕ್ಕಾ. ಮಷಿನ್ ಒಳಗೇ ಅರ್ಥ್ ತಂತಿ ಎಲ್ಲೋ ಕೂಡಿಲ್ಲ. ನಾನು ಬಿಚ್ಚಿದ್ರೆ ಗ್ಯಾರಂಟಿ ಹೋಗುತ್ತೆ. ಅಂಗಡಿಗೆ ವಾಪಸ್ ಕೊಡಿ, ಬೇರೇದು ಕೊಡ್ಲೇಬೇಕು, ಇಲ್ಲ ದುಡ್ಡು ಕೊಡ್ಬೇಕು. ಬಿಲ್ಲು ಇದೆ ತಾನೇ?" ಅಂದ.

"ಬಿಲ್ಲಿಲ್ಲ."

"ಫೋನಲ್ಲಿ ದುಡ್ಡು ಕಳ್ಸಿದ್ದಿದ್ರೆ ಅದೇ ಸಾಕ್ಷಿ. ಕೊಡಲ್ಲ ಅಂದ್ರೆ ಗ್ರಾಹಕರ ವೇದಿಕೆಗೆ ಬರ್ದು ಹಾಕಿ. ಯಾವ ಅಂಗಡಿ ಅದು?"

ಯಾವ ಅಂಗಡಿ ಎಂದು ಹೇಳಿದ ಮೇಲೆ ಅವನೂ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡ. ಹೆಣ್ಣು ಕೊಟ್ಟ ಮನೆಯ ಮೇಲೆ ದೂರು ಬರೆಯುವುದುಂಟೇ ಎಂಬ ಪ್ರಶ್ನೆಗೆ ಅವನ ಚೀಲದಲ್ಲಿ ಉತ್ತರ ಇರಲಿಲ್ಲ.

ಗಂಡ ಹೇಳಿದ, "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ವಂತೆ. ಒಂದು ಮಾತು ಹೇಳಿಬಿಡು."

"ನಾಳೆ ಆ ಮನೇಲಿ ಅವಳ್ನ ಚುಚ್ಚಿ ಮಾತಾಡಿದ್ರೆ ನೀವು ಹೋಗಿ ಬಿಡಿಸ್ತೀರಾ?" ಅಂದಳು ಕಂಡಕ್ಟರಮ್ಮ. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ಮನೆಯೇ ಮಷಿನ್ನಿಗೆ ಹೊಂದಿಕೊಂಡಿತು. ಅದರ ಮುಂದೆ ಒಂದು ಮರದ ಹಲಗೆ ಬಂತು. ಹಲಗೆಯ ಪಕ್ಕ ಗಂಡನಿಗೊಂದು ಜೊತೆ, ಅವಳಿಗೊಂದು ಜೊತೆ ರಬ್ಬರ್ ಚಪ್ಪಲಿ. ಗುಂಡಿ ಒತ್ತಲು ಅಡುಗೆಮನೆಯ ಮರದ ಸೌಟು. ಬಟ್ಟೆ ತೆಗೆಯುವ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೂ ಒಂದು ಸಲ ಬೆರಳಿನ ಹಿಂಬದಿಯಿಂದ ತಾಗಿಸಿ ನೋಡುವುದು. ದುಡ್ಡು ಕೊಟ್ಟು ಮನೆಗೆ ತಂದದ್ದನ್ನು ಹಾವಿನಂತೆ ದೂರ ನಿಂತು ಮುಟ್ಟುವ ಕರ್ಮ ಯಾರಿಗೂ ಬೇಡ. ಆದರೂ ಮಗಳ ನೆಮ್ಮದಿಯ ಮುಂದೆ ಒಂದಿಷ್ಟು ಜುಮ್ ಯಾವ ಲೆಕ್ಕ ಎಂದು ಆಕೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಮಗಳು ತವರಿಗೆ ಬಂದಳು. ತಾಯಿ ಎಚ್ಚರಿಸುವ ಮೊದಲೇ ಮಷಿನ್ನಿನ ಮುಚ್ಚಳಕ್ಕೆ ಕೈ ಹಾಕಿ ಹೌಹಾರಿದಳು. "ಅಮ್ಮಾ, ಇದು ಶಾಕ್ ಹೊಡೀತಿದೆ!"

"ಒದ್ದೆ ಕೈ ಕಣೇ, ಒರೆಸ್ಕೋ" ಅಂದಳು ತಾಯಿ.

ಮಗಳು ಚಪ್ಪಲಿ ನೋಡಿದಳು, ಹಲಗೆ ನೋಡಿದಳು, ಸೌಟು ನೋಡಿದಳು. ಚೀಲ ಎತ್ತಿಕೊಂಡು ಹೊರಟುಹೋದಳು. ಮರುದಿನ ಸಂಜೆ ಬೀಗರ ಫೋನ್ ಬಂತು. "ಹೇಗಿದೆ ಬೀಗ್ತಿಯವ್ರೇ ಮಷಿನ್ನು? ಏನಾದ್ರೂ ತೊಂದ್ರೆ ಇದ್ಯಾ?" ಎಂದಿನಂತೆ ದೊಡ್ಡ ದನಿ. ಅದರ ಹಿಂದೆ ಏನೋ ಒಂದು ಬಿಗಿ ಇದೆ ಅನ್ನಿಸಿತು ಆಕೆಗೆ. ಮಗಳು ಬಾಯಿ ಬಿಟ್ಟಿದ್ದಾಳೆ, ಅಲ್ಲಿ ಮಾತಿಗೆ ಮಾತು ಬೆಳೆದಿದೆ ಎಂದುಕೊಂಡಳು. ಬೆಂಕಿಗೆ ನೀರು ಹಾಕುವ ಆತುರದಲ್ಲಿ, "ಅಯ್ಯೋ, ತೊಂದ್ರೆ ಎಲ್ಲಿಂದ ಬರ್ಬೇಕು? ಚಿನ್ನದಂಥ ಮಷಿನ್ನು! ನಾವೇ ಎಲ್ಲರಿಗೂ ಹೇಳ್ತಿದೀವಿ" ಅಂದುಬಿಟ್ಟಳು.

ಅವತ್ತಿನಿಂದ ಮಗಳ ಫೋನು ಮೊಟಕಾಯಿತು. "ಊಟ ಆಯ್ತಾ? ಆಯ್ತು. ಅಪ್ಪ ಹೇಗಿದಾರೆ? ಸರಿ, ಇಡ್ತೀನಿ." ತವರಿಗೆ ಬರುವುದೂ ಕಡಿಮೆಯಾಯಿತು. ಕೇಳಿದರೆ ಅಂಗಡಿಯಲ್ಲಿ ಕೆಲಸ ಅನ್ನುತ್ತಿದ್ದಳು. ಒಂದು ಸಣ್ಣ ದೂರು ಹೋಗಿದ್ದಕ್ಕೇ ಆ ಮನೆಯಲ್ಲಿ ಇವಳನ್ನು ಹೀಗೆ ಮಾಡಿದ್ದಾರೆ, ಇನ್ನು ನಾನೂ ಬಾಯಿ ತೆರೆದರೆ ಗತಿಯೇನು ಎಂದುಕೊಂಡು ಕಂಡಕ್ಟರಮ್ಮ ಇನ್ನಷ್ಟು ಮೌನವಾದಳು. ರಾತ್ರಿ ಮಲಗಿದಾಗ ಮಗಳ ಮುಖ ಕಣ್ಣ ಮುಂದೆ ಬಂದು ಸಂಕಟವಾಗುತ್ತಿತ್ತು.

ಹೀಗೇ ತಿಂಗಳುಗಳು ಉರುಳಿದವು. ಒಂದು ದಿನ, ಆಕೆಗೆ ರಜೆ. ಮಗಳಿಗೆಂದು ಹೆಣೆದಿಟ್ಟಿದ್ದ ಸ್ವೆಟರ್ ಕೊಡುವ ನೆಪ ಮಾಡಿಕೊಂಡು ಅಂಗಡಿಗೆ ಹೋದಳು. ಮಗಳು ಕಂಪ್ಯೂಟರಿನಿಂದ ತಲೆಯೆತ್ತಿ, "ಬಾಮ್ಮ, ಕೂತ್ಕೋ" ಅಂದಳು. ಅಷ್ಟೇ. ಮುಖ ಸೊರಗಿತ್ತು. ಬೀಗರು ಕುರ್ಚಿ ಒರೆಸಿ ಕೊಟ್ಟು ಕುಶಲ ಕೇಳಿದರು. ಆಕೆ ಸ್ವೆಟರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಆಗಲೇ ಬೇಕರಿ ನಡೆಸುವ ಹೆಂಗಸೊಬ್ಬಳು ಒಳಗೆ ಬಂದಳು. ತೋಳಿನ ಮೇಲೆ ಇನ್ನೂ ಹಿಟ್ಟಿನ ಪುಡಿ ಇತ್ತು. ಗಲ್ಲಾದ ಮೇಲೆ ಬಿಲ್ಲು ಇಟ್ಟು, ದನಿ ಏರಿಸದೆ ಮಾತಾಡಿದಳು. "ನಾನು ಬರ್ತಿರೋದು ಮೂರನೇ ಸಲ. ವಾಷಿಂಗ್ ಮಷಿನ್ ಮುಟ್ಟಿ, ಶಾಕ್ ಹೊಡ್ದು ನಮ್ಮತ್ತೆ ನೆಲಕ್ಕೆ ಬಿದ್ರು. ಕೈ ಮುರಿದು ಪ್ಲಾಸ್ಟರ್ ಹಾಕ್ಸಿದೀವಿ. ಇನ್ನು ರಿಪೇರಿ ಬೇಡ, ದುಡ್ಡು ವಾಪಸ್ ಕೊಡಿ."

"ಅಯ್ಯೋ ಪಾಪ" ಅಂದರು ಬೀಗರು, ಮನಸಾರೆ. "ಆದ್ರೆ ತಾಯಿ, ನಿಮ್ಮನೆ ಅರ್ಥಿಂಗ್ ತೋರಿಸ್ಕೊಳ್ಳಿ. ಮಷಿನ್ನಲ್ಲಿ ದೋಷ ಇಲ್ಲ. ಇದ್ರೂ ಕಂಪನಿಯವರು ನೋಡ್ಬೇಕು, ನಾವು ಮಾರೋರಷ್ಟೇ."

"ಎರಡು ಸಲ ತೋರಿಸ್ದೆ, ಮನೇದು ಸರಿಯಾಗಿದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಾನು ದುಡ್ಡು ಕೊಟ್ಟಿದ್ದು ನಿಮಗೆ. ಕಂಪನಿ ಮುಖ ನಾನು ನೋಡಿಲ್ಲ. ನನ್ನ ಬನ್ನು ಹಳಸಿದ್ರೆ ಹಿಟ್ಟಿನ ಗಿರಣಿಗೆ ಹೋಗಿ ಕೇಳಿ ಅಂತ ನಾನು ಹೇಳೋಕಾಗುತ್ತಾ? ನೀವು ಕೊಡಲ್ಲ ಅಂದ್ರೆ ಗ್ರಾಹಕರ ವೇದಿಕೆಗೆ ಹೋಗ್ತೀನಿ."

ಬೀಗರ ಮುಖ ಕೆಂಪಗಾಯಿತು. ಸಿಟ್ಟಿಗಿಂತ ಹೆಚ್ಚಾಗಿ, ತಾವು ನಂಬಿದ್ದನ್ನು ಯಾರೂ ನಂಬುವುದಿಲ್ಲವಲ್ಲ ಎಂಬ ಬೇಸರ. ತಟ್ಟನೆ ಕಂಡಕ್ಟರಮ್ಮನ ಕಡೆ ಕೈ ತೋರಿಸಿದರು. "ನಾನು ಯಾವಾಗ್ಲೂ ಹೇಳ್ತಿರ್ತೀನಲ್ಲ ನಮ್ಮ ಬೀಗರ ಮನೇಲೂ ಇದೇ ಮಷಿನ್ ಇದೆ ಅಂತ? ಇವರೇ ಅವರು. ಎದುರಿಗೇ ಕೂತಿದಾರೆ, ಕೇಳ್ಕೊಳ್ಳಿ. ಹೇಳಿ ಬೀಗ್ತಿಯವ್ರೇ, ಒಂದೇ ಒಂದು ದಿನ ತೊಂದ್ರೆ ಕೊಟ್ಟಿದ್ಯಾ?"

ಕಂಡಕ್ಟರಮ್ಮನಿಗೆ ಕೂತ ಕುರ್ಚಿಯೇ ಕುಸಿದಂತಾಯಿತು. ಯಾವಾಗಲೂ ಹೇಳುತ್ತಿರುತ್ತೇನೆ ಅಂದರಲ್ಲ, ಹಾಗಾದರೆ ತನ್ನ ಆ ಒಂದು ಮಾತು ಎಷ್ಟು ಜನರ ಮುಂದೆ ಹೋಗಿದೆ? ಬೇಕರಿಯವಳು ತಿರುಗಿ ಅವಳನ್ನೇ ನೋಡುತ್ತಿದ್ದಳು. ಮಗಳು ನೋಡುತ್ತಿರಲಿಲ್ಲ. ಕೀಬೋರ್ಡಿನ ಮೇಲಿದ್ದ ಬೆರಳು ನಿಂತಿತ್ತು, ತಲೆ ತಗ್ಗಿತ್ತು. ತಾಯಿ ಏನು ಹೇಳುತ್ತಾಳೆಂದು ಮೊದಲೇ ಗೊತ್ತಿರುವವರು ಕೂರುವ ಹಾಗೆ ಕೂತಿದ್ದಳು.

ಇಲ್ಲ ಅಂದರೆ ಕೈ ಮುರಿದುಕೊಂಡ ಮುದುಕಿಗೆ ಅನ್ಯಾಯ. ಹೌದು ಅಂದರೆ ಮಗಳ ಬಾಳಿಗೆ ಕುತ್ತು. ಆ ಮುದುಕಿಯ ಜಾಗದಲ್ಲಿ ಗ್ರಂಥಾಲಯದಿಂದ ದಣಿದು ಬಂದ ತನ್ನ ಗಂಡ ಬಿದ್ದಿರುವುದು ಕಣ್ಣಿಗೆ ಕಟ್ಟಿತು.

"ಹೊಡಿಯುತ್ತೆ" ಅಂದಳು. ದನಿ ಸಣ್ಣಗಿತ್ತು. ಬೇಕರಿಯವಳ ಕಡೆ ತಿರುಗಿ ಮತ್ತೆ ಹೇಳಿದಳು. "ನಮ್ಮನೇದೂ ಶಾಕ್ ಹೊಡಿಯುತ್ತೆ. ತಂದು ಎರಡು ವಾರಕ್ಕೇ ಶುರುವಾಯ್ತು. ನಾವು ರಬ್ಬರ್ ಚಪ್ಪಲಿ ಹಾಕ್ಕೊಂಡು ಬಟ್ಟೆ ಒಗಿತೀವಿ. ಮನೆ ಅರ್ಥಿಂಗ್ ಸರಿಯಾಗಿದೆ, ತೋರಿಸಿದೀನಿ. ತಪ್ಪು ಮಷಿನ್ನಿಂದೇ."

ಬೀಗರು ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು.

"ಮತ್ತೆ ನಾನು ಫೋನ್ ಮಾಡ್ದಾಗ ಚಿನ್ನದಂಥದ್ದು ಅಂದ್ರಲ್ಲ?"

"ಸುಳ್ಳು ಹೇಳ್ದೆ. ನೀವು ಬೇಜಾರು ಮಾಡ್ಕೋತೀರಿ ಅಂತ."

"ನಾನು ಬೇಜಾರು ಮಾಡ್ಕೊಳ್ಳೋಕೆ ಕೇಳಿರ್ಲಿಲ್ಲ, ತಿಳ್ಕೊಳ್ಳೋಕೆ ಕೇಳಿದ್ದೆ." ಅವರ ದನಿಯಲ್ಲಿ ಎಂದಿನ ದೊಡ್ಡತನ ಇರಲಿಲ್ಲ. "ನಿಮ್ಮ ಮಾತು ನಂಬಿ, ಯಾರ್ಯಾರು ಬಂದ್ರೋ ಅವರಿಗೆಲ್ಲ ನಿಮ್ಮನೇ ಹೆಸರು ಹೇಳಿ ಕಳ್ಸಿದೀನಲ್ಲ." ಆಮೇಲೆ ಸೊಸೆಯ ಕಡೆ ತಿರುಗಿದರು. "ನೀನು ಅವತ್ತೇ ಹೇಳಿದ್ದೆ ಅಮ್ಮ. ನಾನೇ ನಿನ್ನ ಮಾತು ನಂಬ್ಲಿಲ್ಲ" ಅಂದರು.

ಬೇಕರಿಯವಳಿಗೆ ಅಲ್ಲೇ ದುಡ್ಡು ವಾಪಸು ಹೋಯಿತು. ಅತ್ತೆಯ ಪ್ಲಾಸ್ಟರಿನ ಖರ್ಚನ್ನೂ ತಾವೇ ಕೊಡುವುದಾಗಿ ಬೀಗರು ಹೇಳಿದರು. ಆ ಮಷಿನ್ ಕೊಂಡವರೆಲ್ಲರಿಗೂ ಇವತ್ತೇ ಫೋನ್ ಮಾಡು, ಪ್ಲಗ್ ಕಿತ್ತಿಡಲು ಹೇಳು ಎಂದು ಸೊಸೆಗೆ ಹೇಳಿ, ತಾವು ಕಂಪನಿಯವರ ಜೊತೆ ಜಗಳಕ್ಕೆ ಕೂತರು. ಮಧ್ಯೆ ಫೋನಿಗೆ ಕೈ ಅಡ್ಡ ಹಿಡಿದು, "ನಿಮಗೇನು ಮಾಡ್ಲಿ ಬೀಗ್ತಿಯವ್ರೇ?" ಅಂತ ಕೇಳಿದರು. 'ನಮ್ಮದೇನು ಅವಸರ ಬಿಡಿ' ಎಂಬ ಮಾತು ನಾಲಿಗೆ ತುದಿವರೆಗೆ ಬಂದಿತ್ತು. ಕಂಡಕ್ಟರಮ್ಮ ಅದನ್ನು ನುಂಗಿಕೊಂಡು, "ಬೇರೇದು ಕೊಡಿ. ಬಿಲ್ ಹಾಕಿ ಕೊಡಿ" ಅಂದಳು.

ತಾಯಿಯನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬರಲು ಮಗಳು ಅಂಗಡಿಯ ಹೊರಗೆ ಬಂದಳು. ಪಾದಚಾರಿ ದಾರಿಯಲ್ಲಿ ಇಬ್ಬರೂ ಸ್ವಲ್ಪ ದೂರ ನಡೆದರು.

"ಅಲ್ಲೇನೂ ತೊಂದ್ರೆ ಕೊಡ್ತಿಲ್ಲ ತಾನೇ ನಿನಗೆ?" ತಾಯಿ ಕೊನೆಗೂ ಕೇಳಿದಳು.

"ಯಾರು ಕೊಡ್ತಾರಮ್ಮ ತೊಂದ್ರೆ? ಮಾವ ಒಳ್ಳೆಯವ್ರು. ನಿಮ್ಮಮ್ಮನೇ ಚೆನ್ನಾಗಿದೆ ಅಂದ್ರಲ್ಲ, ನೀನ್ಯಾಕೆ ಇಲ್ಲದ್ದು ಹೇಳ್ತೀಯ ಅಂತ ಒಂದು ಸಲ ಕೇಳಿದ್ರು, ಅಷ್ಟೇ. ಅದಾದ್ಮೇಲೆ ಆ ಅಂಗಡೀಲಿ ನನ್ನ ಮಾತಿಗೆ ಕಿಮ್ಮತ್ತೇ ಇಲ್ಲ. ಶಾಕ್ ಹೊಡಿಯುತ್ತೆ ಅಂತ ಬಂದವ್ರಿಗೆಲ್ಲ ಮಾವ ನಿನ್ನ ಕತೆ ಹೇಳ್ತಿದ್ರೆ, ಪಕ್ಕದಲ್ಲಿ ಕೂತು ಕೇಳ್ತಿದ್ದೆ. ಎಲ್ಲ ಗೊತ್ತಿದ್ದೂ."

ಕಂಡಕ್ಟರಮ್ಮನ ಕಣ್ಣು ತುಂಬಿಬಂತು. "ನಿನಗೋಸ್ಕರ ಸುಮ್ನಿದ್ದೆ ಕಣೇ."

"ಗೊತ್ತು. ಅದಕ್ಕೇ ನಿನ್ನ ಮೇಲೆ ಕೋಪ ಮಾಡ್ಕೊಳ್ಳೋಕೂ ಆಗ್ದೆ ಒದ್ದಾಡಿದ್ದು."

"ಈಗ ಮಾಡ್ಕೋ" ಅಂದಳು ತಾಯಿ.

ಮಗಳು ಮಾಡಿಕೊಂಡಳು. ಮೊದಲು ಮೆತ್ತಗೆ, ಆಮೇಲೆ ದಾರಿಹೋಕರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಅಪ್ಪನಿಗೆ ಏನಾದರೂ ಆಗಿದ್ದರೆ ಏನು ಮಾಡುತ್ತಿದ್ದೆ, ನನಗೆ ಒಳ್ಳೆಯದು ಯಾವುದು ಅಂತ ನನ್ನನ್ನು ಕೇಳುವ ಬುದ್ಧಿ ಯಾವತ್ತು ಬರುತ್ತೆ, ಊರಿಗೆಲ್ಲ ಬಾಯಿ ಮಾಡ್ತೀಯ, ನನ್ನನ್ನು ಮಾತ್ರ ಸುಳ್ಳುಗಾತಿ ಮಾಡಿದೆ ಎಂದು, ಕೂಡಿಟ್ಟುಕೊಂಡಿದ್ದನ್ನೆಲ್ಲ ಸುರಿದಳು. ಕಂಡಕ್ಟರಮ್ಮ ಕೊಡಲು ಮರೆತ ಸ್ವೆಟರಿನ ಚೀಲವನ್ನು ಎದೆಗೆ ಒತ್ತಿಕೊಂಡು, ಒಂದಕ್ಕೂ ಎದುರು ಮಾತಾಡದೆ ಕೇಳುತ್ತ ನಿಂತಳು. ಮನೆಗೆ ಹೋಗುವ ಬಸ್ಸು ಬಂತು, ನಿಂತಿತು, ಹೋಯಿತು. ಎಷ್ಟೋ ತಿಂಗಳಿಂದ ಮಗಳು ಅವಳ ಜೊತೆ ಇಷ್ಟು ಹೊತ್ತು ಮಾತಾಡಿರಲಿಲ್ಲ.