ಬಾಲದ ಮೇಲೆ ಕೂತ ವಿಮಾನ

ನನ್ನ ಗಂಡ ಟೋಕಿಜಿ, ಹಮಾಮಾತ್ಸು ಊರಿನ ವಾಯುನೆಲೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯಾದ ಮೇಲೂ ವಿಮಾನದ ಸಹವಾಸ ಬಿಡಲಿಲ್ಲ. ಊಟದ ಮೇಜನ್ನೇ ಹ್ಯಾಂಗರ್ ಮಾಡಿಕೊಂಡು ಪ್ಲಾಸ್ಟಿಕ್ಕಿನ ಮಾದರಿಗಳನ್ನು ಕಟ್ಟುತ್ತಾರೆ. ನಮ್ಮ ಮನೆಯ ಮಿಸೊ ಸಾರಿಗೂ ಬಣ್ಣದ ವಾಸನೆ. ನಾನು ಗೊಣಗುವುದನ್ನು ನಿಲ್ಲಿಸಿಲ್ಲ, ಅವರು ಕೇಳಿಸಿಕೊಳ್ಳುವುದನ್ನು ಯಾವತ್ತೋ ನಿಲ್ಲಿಸಿದ್ದಾರೆ.

ಈ ಸಲ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳಲು ನೋಡಿದೆ. ಕಟ್ಟುತ್ತಿದ್ದದ್ದು ಅಸಾಕುರಾ ಅವರ ತರಬೇತಿ ವಿಮಾನ, ಟಿ-33. ಹುಡುಗರಿಗೆ ಹಾರುವುದನ್ನು ಕಲಿಸುತ್ತಿದ್ದ ಅಸಾಕುರಾ, ನಮ್ಮವರು ನೋಡಿ ‘ಸರಿ ಇದೆ’ ಎಂದರೆ ಸಾಕು, ಮರುಮಾತಿಲ್ಲದೆ ವಿಮಾನ ಹತ್ತುತ್ತಿದ್ದರು. ಅವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ತಿಥಿಯ ದಿನ ಅವರ ಫೋಟೋ ಪಕ್ಕ ಆ ವಿಮಾನ ಇಡಬೇಕೆಂದು ಹೆಂಡತಿ ಮಿತ್ಸುಯೊ ಕೇಳಿದ್ದರು. ನಮ್ಮವರು ಸುಲಭಕ್ಕೆ ಮಾತು ಕೊಡುವವರಲ್ಲ. ಅವತ್ತು ಕೊಟ್ಟರು.

ಕಲಿಸುವವರು ಕೂರುವ ಹಿಂದಿನ ಸೀಟು ಅಸಾಕುರಾ ಅವರದು. ಅದರ ಬೆಲ್ಟುಗಳನ್ನು ಟೇಪಿನ ಎಳೆಗಳಿಂದ ಮಾಡಿದರು. ಸಾಸಿವೆಯಷ್ಟಿದ್ದ ಮೀಟರುಗಳಿಗೆ ಮುಳ್ಳು ಬರೆದರು. ಮಂಡಿ ತಗುಲಿ ತಗುಲಿ ಬಣ್ಣ ಸವೆದಿದ್ದ ಜಾಗವನ್ನೂ ಬಿಡಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಗಾಜು ಮುಚ್ಚಿದ್ಮೇಲೆ ಇದನ್ನೆಲ್ಲ ಯಾರ್ರೀ ನೋಡ್ತಾರೆ?”

“ಕೂರೋರಿಗೆ ಗೊತ್ತಾಗತ್ತೆ” ಎಂದರು.

ಆಮೇಲೆ ಮೈಗೆಲ್ಲ ಹೊಳೆಯುವ ಕಪ್ಪು ಬಳಿದರು. ಚೆನ್ನಾಗಿದ್ದ ವಿಮಾನಕ್ಕೆ ಮಸಿ ಮೆತ್ತಿದರಲ್ಲ ಎಂದುಕೊಂಡೆ. ಅದರ ಮೇಲೆ ಬೆಳ್ಳಿಯ ಬಣ್ಣವನ್ನು ತೆಳ್ಳಗೆ ಊದುತ್ತ ಹೋದ ಹಾಗೆ ನನ್ನ ಕಣ್ಣೆದುರೇ ಪ್ಲಾಸ್ಟಿಕ್ಕು ಹೋಗಿ ಲೋಹ ಬಂತು. ಒಂದೊಂದು ತಗಡಿಗೂ ಒಂದೊಂದು ಹೊಳಪು. ರೆಕ್ಕೆಯಲ್ಲಿ ನಮ್ಮ ಅಡುಗೆಮನೆಯ ಕಿಟಕಿ ಕಂಡಿತು, ಕಿಟಕಿಯಾಚೆಯ ಆಕಾಶವೂ ಕಂಡಿತು. ಟೀ ಬಟ್ಟಲು ತೊಳೆಯಲು ಕೊಟ್ಟರೆ ಒಡೆದುಹಾಕುವ ಕೈಗಳು ಇವು! ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

ತಿಥಿಯ ಬೆಳಿಗ್ಗೆ ಮಿತ್ಸುಯೊ ಕಪ್ಪು ಕಿಮೊನೊ ಉಟ್ಟು ಬಂದರು. ಇವರು ಕೊನೆಯದಾಗಿ ಚಕ್ರಗಳನ್ನು ಅಂಟಿಸಿ ಒಣಗಲು ಮಲಗಿಸಿಟ್ಟಿದ್ದ ವಿಮಾನವನ್ನು ತಂದು ಚಾಪೆಯ ಮೇಲೆ ನಿಲ್ಲಿಸಿದರು. ಕೈ ಬಿಟ್ಟದ್ದೇ ತಡ, ಮೂತಿ ಮೇಲೆದ್ದು ವಿಮಾನ ಬಾಲದ ಮೇಲೆ ಕೂತುಬಿಟ್ಟಿತು.

ಮೈಯ ಎರಡು ಹೋಳುಗಳನ್ನು ಅಂಟಿಸುವ ಮೊದಲು ಮೂತಿಯೊಳಗೆ ಭಾರ ತುಂಬಬೇಕು. ಹೊಸಬರಿಗೆ ಮೊದಲು ಹೇಳಿಕೊಡುವ ಪಾಠವೇ ಅದು. ಹಿಂದಿನ ಸೀಟಿನಲ್ಲಿ ಮುಳುಗಿದ್ದವರು ಮುಂದಿನ ಮೂತಿಯನ್ನೇ ಮರೆತಿದ್ದರು. ಈಗ ಒಡೆದರೆ ಆ ಬೆಳ್ಳಿಯೆಲ್ಲ ಹಾಳು, ಮತ್ತೆ ಬಳಿಯಲು ಹೊತ್ತಿಲ್ಲ; ಮಧ್ಯಾಹ್ನವೇ ತಿಥಿ ಮಾಡಿಸಲು ಭಿಕ್ಷು ಬರುವವರಿದ್ದರು. ಇವರು ಮಂಡಿಯೂರಿ ಹಣೆಯನ್ನು ಚಾಪೆಗೆ ಮುಟ್ಟಿಸಿದರು. ಇವರು ಹೀಗೆ ಬಾಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

“ನೋಡದೇನೇ ಸರಿ ಇದೆ ಅಂದ್ಕೊಂಡುಬಿಟ್ಟೆ. ಅವರ ವಿಮಾನಕ್ಕೇ ಹಿಂಗೆ ಮಾಡಿದ್ನಲ್ಲ” ಎಂದರು.

ಯಾವ ಭಾರ ಹಾಕುತ್ತಾರೆ ಎಂದು ಮಿತ್ಸುಯೊ ಮೆಲ್ಲಗೆ ಕೇಳಿದರು. ಗಾಳಕ್ಕೆ ಕಟ್ಟುವ ಸೀಸದ ಗುಂಡು ಎಂದೆ ನಾನು. ಅವರ ಮುಖದಲ್ಲಿ ನಗು ಬಂತು. ಹಿಂದಿನ ಬೀದಿಯ ತಮ್ಮ ಮನೆಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ತಂದರು. ಹಮಾನಾ ಸರೋವರಕ್ಕೆ ಅಸಾಕುರಾ ಒಯ್ಯುತ್ತಿದ್ದ ಗಾಳದ ಪೆಟ್ಟಿಗೆ ಅದು.

“ಮೀನಂತೂ ಒಂದಿನಾನೂ ತರ್ಲಿಲ್ಲ. ಗುಂಡು ಮಾತ್ರ ಬೇಕಾದಷ್ಟಿದೆ” ಎಂದರು.

ಇವರು ವಿಮಾನವನ್ನು ಅಂಗೈಯಲ್ಲಿ ಅಂಗಾತ ಹಿಡಿದು, ಮುಂದಿನ ಚಕ್ರದ ಗೂಡಿನೊಳಗೆ ಹೊರಗೆ ಕಾಣದ ಹಾಗೆ ಸಣ್ಣ ತೂತು ಕೊರೆದರು. ಅಂಟಿನಲ್ಲಿ ಅದ್ದಿದ ಗುಂಡುಗಳನ್ನು ಒಂದೊಂದಾಗಿ ಒಳಗೆ ಬಿಟ್ಟದ್ದು ಮಿತ್ಸುಯೊ. ಅಂಟು ಹಿಡಿದ ಮೇಲೆ ಇವರು ತೂತು ಮುಚ್ಚಿ ವಿಮಾನ ನಿಲ್ಲಿಸಿದರು. ಮೂತಿ ಒಂದು ಕ್ಷಣ ಅನುಮಾನಿಸಿತು. ಆಮೇಲೆ ಮೆಲ್ಲಗೆ ತಗ್ಗಿತು, ಚಕ್ರ ಸದ್ದಿಲ್ಲದೆ ಚಾಪೆ ಮುಟ್ಟಿತು. ನಮ್ಮ ಆ ಪುಟ್ಟ ಕೋಣೆಯಲ್ಲಿ ನಿಜವಾದ ವಿಮಾನವೊಂದು ಬಂದು ಇಳಿದಿತ್ತು.

ಇವರು ಈ ಸಲ ಆತುರಪಡಲಿಲ್ಲ. ಬಗ್ಗಿ ಮೂತಿಯಿಂದ ಬಾಲದವರೆಗೆ ಸುತ್ತಲೂ ನೋಡಿದರು, ಹಳೆಯ ಕಾಲದಲ್ಲಿ ನೋಡುತ್ತಿದ್ದ ಹಾಗೆಯೇ. ಆಮೇಲೆ ನೆಟ್ಟಗೆ ನಿಂತು, “ಸರಿ ಇದೆ” ಎಂದರು.

ಮಿತ್ಸುಯೊ ಚಾಪೆಯ ಮೇಲೆ ಬಾಗಿ, ಗಾಜಿನೊಳಗಿನ ಹಿಂದಿನ ಸೀಟಿಗೆ ಹೇಳಿದರು:

“ಟೋಕಿಜಿ ಅವರು ಸರಿ ಇದೆ ಅಂದ್ರು ಕಣ್ರೀ. ಹತ್ತಿ.”